ನುಂಗಿದ ಗುಳಿಗೆ ಮೊಣಕಾಲಿಗೆ ಮುಟ್ಟುತ್ತದಾ? ಗ್ಲುಕೋಸಮೈನ್, ಕೊಲಾಜೆನ್ ಬಗ್ಗೆ ಗೊತ್ತಿದ್ದವರು ಹೇಳಿ

ಸೋನಾಮಸೂರಿ_ಸಿಂಧನೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 63 ವರ್ಷ. ಎರಡೂ ಮೊಣಕಾಲು ನೋವು, ಬಲಗಾಲು ಜಾಸ್ತಿ. ಹರೆಯದಿಂದ ಕೆಸರಲ್ಲಿ ಬಗ್ಗಿ ಭತ್ತದ ನಾಟಿ ಮಾಡಿದಾಕೆ. ಈಗ ಕೆಳಗೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಎಕ್ಸ್‌ರೇ ತೆಗೆಸಿದೆವು. ಒಳಗಿನ ಕಾರ್ಟಿಲೇಜ್, ಅಂದರೆ ಮೂಳೆಗಳ ನಡುವಿನ ಗಾದಿ, ಸವೆದಿದೆ, ಆಪರೇಷನ್ ಈಗಲೇ ಬೇಡ ಅಂದರು. ಗ್ಲುಕೋಸಮೈನ್, ಕೊಂಡ್ರಾಯ್ಟಿನ್ ಎರಡೂ ಇರುವ ಗುಳಿಗೆ ಬರೆದುಕೊಟ್ಟಿದ್ದಾರೆ.

ಇಲ್ಲಿಂದ ಶುರು ಗೊಂದಲ. ತಮ್ಮ ಬೆಂಗಳೂರಿನಿಂದ ಒಂದು ಲಿಕ್ವಿಡ್ ಬಾಟಲಿ ಕಳಿಸಿದ್ದಾನೆ, ಗುಳಿಗೆ ಬರೀ 10% ಮೈಗೆ ಹತ್ತುತ್ತದೆ, ಲಿಕ್ವಿಡ್ ಆದರೆ 98% ಹತ್ತುತ್ತದೆ ಅಂತ ಅದರ ಜೊತೆ ಒಂದು ವಿಡಿಯೋ ಬೇರೆ. ಪಕ್ಕದ ಮನೆಯಾಕೆ ಕೊಲಾಜೆನ್ ಪುಡಿ ಮಾರುತ್ತಾರೆ, ಮೊಣಕಾಲಿನ ಗಾದಿ ಮತ್ತೆ ಬೆಳೆಯುತ್ತದೆ ಅಂತ ಹೇಳಿ ಒಂದು ಡಬ್ಬಿ ತಲೆಗೆ ಕಟ್ಟಿದ್ದಾರೆ. ಅತ್ತೆ ಹೇಳುವುದು ಇದೆಲ್ಲ ಸುಡುಗಾಡು, ಹಾಲಿಗೆ ಅರಿಶಿನ ಮೆಣಸು ಹಾಕಿ ಕುಡಿ ಅಂತ. ಮಾವನದು ಕಾಲು ಸೂಪು.

ನನಗೆ ಬೇಕಾದದ್ದು ಒಂದೇ. ಬಾಯಿಂದ ನುಂಗಿದ್ದು ಹೊಟ್ಟೆಯಲ್ಲಿ ಜೀರ್ಣ ಆಗಿಬಿಡುತ್ತದೆ ಅಲ್ವಾ, ಆಮೇಲೆ ಅದು ಮೊಣಕಾಲಿಗೇ ಹೋಗಬೇಕು ಅಂತ ಮೈಗೆ ಹೇಗೆ ಗೊತ್ತಾಗುತ್ತದೆ? ಅವ್ವನಿಗೆ ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ನಡೆದಿದೆ. ದಯವಿಟ್ಟು "ಡಾಕ್ಟರನ್ನು ಕೇಳಿ" ಅಂತ ಒಂದು ಸಾಲು ಬರೆದು ಹೋಗಬೇಡಿ. ಕೇಳಿದ್ದೇನೆ. ಅವರ ಬಾಗಿಲ ಹೊರಗೆ ನಲವತ್ತು ಜನ ಕಾಯುತ್ತಿದ್ದರು.

ಔಷಧಿ_ಅಂಗಡಿ_ಬಳ್ಳಾರಿ:

ಅಣ್ಣಾ, ಇದೇ ಪ್ರಶ್ನೆಯನ್ನು ಕೌಂಟರಿನಲ್ಲಿ ದಿನಾ ಕೇಳುತ್ತಾರೆ. ನಿಂತು ಉತ್ತರ ಹೇಳಲು ಆಗುವುದಿಲ್ಲ, ಇಲ್ಲಿ ಕೂತು ಬರೆಯುತ್ತೇನೆ.

ಮೊದಲು ಗ್ಲುಕೋಸಮೈನ್. ಇದು ಚಿಕ್ಕ ಅಣು, ಸಕ್ಕರೆಯ ಬಳಗದ್ದು. ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಗುಳಿಗೆ ಹೊಟ್ಟೆಯಲ್ಲಿ ಒಡೆದು ಕರಗಿ, ಸಣ್ಣ ಕರುಳಿನಲ್ಲಿ ಸುಮಾರು 90% ಒಳಗೆ ಹೋಗುತ್ತದೆ. ಅಂದರೆ ಗುಳಿಗೆ 10% ಮಾತ್ರ ಹತ್ತುತ್ತದೆ ಅನ್ನುವುದು ಶುದ್ಧ ಸುಳ್ಳು. ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. ಕರುಳಿನಿಂದ ಬಂದ ರಕ್ತ ಮೊದಲು ಹೋಗುವುದು ಲಿವರಿಗೆ. ಲಿವರ್ ಅದರಲ್ಲಿ ಬಹುಪಾಲು ಒಡೆದು ಬೇರೆ ಕೆಲಸಕ್ಕೆ ಬಳಸಿಬಿಡುತ್ತದೆ. ಅಲ್ಲಿಂದ ಪಾರಾಗಿ ಮೈಯೆಲ್ಲ ಸುತ್ತುವ ರಕ್ತಕ್ಕೆ ಸೇರುವುದು ಸುಮಾರು ಕಾಲು ಭಾಗ. 1500 ಮಿಲಿಗ್ರಾಂ ನುಂಗಿದರೆ ಮುಕ್ಕಾಲು ಪಾಲು ಮೊಣಕಾಲಿನ ಮುಖವನ್ನೇ ನೋಡುವುದಿಲ್ಲ.

ಈಗ ನಿಮ್ಮ ತಮ್ಮನ ಬಾಟಲಿ. ಲಿಕ್ವಿಡ್ ಕುಡಿದರೆ ಉಳಿಯುವುದು ಗುಳಿಗೆ ಕರಗುವ ಅಷ್ಟು ಹೊತ್ತು ಮಾತ್ರ. ಕರುಳು ಅದೇ, ಲಿವರ್ ಅದೇ. ಬಾಟಲಿಯಿಂದ ಬಂದದ್ದು ಅಂತ ಲಿವರ್ ಏನೂ ರಿಯಾಯಿತಿ ಕೊಡುವುದಿಲ್ಲ. ತಲೆನೋವಿನ ಗುಳಿಗೆಯಾದರೆ ಹದಿನೈದು ನಿಮಿಷ ಬೇಗ ಹತ್ತಿದರೆ ಲಾಭ ಇದೆ. ತಿಂಗಳುಗಟ್ಟಲೆ ನುಂಗುವ ಸಾಮಾನಿಗೆ ಆ ಹದಿನೈದು ನಿಮಿಷ ಯಾತಕ್ಕೆ? ಆ 98 ಮತ್ತು 10ರ ಲೆಕ್ಕವನ್ನು ಲಿಕ್ವಿಡ್ ವಿಟಮಿನ್ ಮಾರುವವರೂ ಹೇಳುತ್ತಾರೆ, ಲಿಕ್ವಿಡ್ ಕ್ಯಾಲ್ಸಿಯಂ ಮಾರುವವರೂ ಹೇಳುತ್ತಾರೆ. ಎಲ್ಲ ಸಾಮಾನಿಗೂ ಒಂದೇ ಲೆಕ್ಕ ಇದ್ದರೆ ಅದು ಲೆಕ್ಕವೇ ಅಲ್ಲ.

ಲೇಬಲ್ ಓದುವಾಗ ಒಂದು ವಿಷಯ ನೋಡಿ. 1500 ಮಿಲಿಗ್ರಾಂ ಅಂತ ದೊಡ್ಡದಾಗಿ ಬರೆದಿದ್ದರೂ ಒಳಗೆ ಗ್ಲುಕೋಸಮೈನ್ ಅಷ್ಟೇ ಇರುವುದಿಲ್ಲ. ಹೈಡ್ರೋಕ್ಲೋರೈಡ್ ರೂಪವಾದರೆ ಅದರಲ್ಲಿ ಸುಮಾರು 83% ಗ್ಲುಕೋಸಮೈನ್. ಸಲ್ಫೇಟ್ ರೂಪ ಹಾಗೇ ಇಟ್ಟರೆ ನೀರು ಹೀರಿ ಕೆಡುತ್ತದೆ. ಅದಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಅಥವಾ ನಮ್ಮ ಅಡಿಗೆ ಉಪ್ಪಿನ ಸೋಡಿಯಂ ಕ್ಲೋರೈಡ್ ಸೇರಿಸುತ್ತಾರೆ. ಪೊಟ್ಯಾಸಿಯಂ ಸೇರಿದ ಆ ಲವಣದ 1500 ಮಿಲಿಗ್ರಾಂನಲ್ಲಿ ಗ್ಲುಕೋಸಮೈನ್ 888 ಮಿಲಿಗ್ರಾಂ ಮಾತ್ರ. ಒಳ್ಳೆಯ ಕಂಪನಿಗಳು ಲವಣದ ತೂಕ ಬೇರೆ, ಸಲ್ಫೇಟಿನ ತೂಕ ಬೇರೆ ಬರೆದಿರುತ್ತವೆ. ಬಿಪಿ ಇದ್ದವರು ಸೋಡಿಯಂ ಲವಣ ಇದೆಯಾ ನೋಡಿಕೊಳ್ಳಿ. ಕಿಡ್ನಿ ತೊಂದರೆ ಇದ್ದವರು ಪೊಟ್ಯಾಸಿಯಂ ಕಡೆ ಗಮನ ಕೊಡಿ.

ಕೊಂಡ್ರಾಯ್ಟಿನ್ ಬೇರೆ ಜಾತಿ. ಅದು ಉದ್ದನೆಯ ಸರಪಳಿ, ಗ್ಲುಕೋಸಮೈನಿಗಿಂತ ನೂರಾರು ಪಟ್ಟು ತೂಕ. ಇಡಿಯಾಗಿ ಕರುಳಿನ ಗೋಡೆ ದಾಟುವುದು ಬಹಳ ಕಷ್ಟ. ಒಂದಷ್ಟು ಪಾಲನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಕತ್ತರಿಸಿ ತುಂಡು ಮಾಡುತ್ತವೆ, ತುಂಡುಗಳು ಒಳಗೆ ಹೋಗುತ್ತವೆ. ಎಲ್ಲ ಸೇರಿ 10ರಿಂದ 20%.

ಸಕ್ಕರೆ ಬಗ್ಗೆ ಕೇಳಿದಿರಿ. ಹೆಸರಿನಲ್ಲಿ ಗ್ಲುಕೋ ಇದೆ ಅಂತ ಹೆದರುವವರು ಬಹಳ. ಮಾಮೂಲಿ ಪ್ರಮಾಣದಲ್ಲಿ, ಹಿಡಿತದಲ್ಲಿರುವ ಸಕ್ಕರೆ ಕಾಯಿಲೆಯವರಿಗೆ ಅದರಿಂದ ಸಕ್ಕರೆ ಏರಿದ್ದು ಪರೀಕ್ಷೆಗಳಲ್ಲಿ ಕಂಡಿಲ್ಲ. ಆದರೂ ಶುರು ಮಾಡಿದ ಮೊದಲ ವಾರಗಳಲ್ಲಿ ಎರಡು ಸಲ ಹೆಚ್ಚಿಗೆ ಚೆಕ್ ಮಾಡಿಸಿ. ನಿಜವಾಗಿ ಹೆದರಬೇಕಾದವರು ರಕ್ತ ತೆಳು ಮಾಡುವ ವಾರ್ಫರಿನ್, ಅಸಿಟ್ರೋಮ್ ಥರದ ಗುಳಿಗೆ ತೆಗೆದುಕೊಳ್ಳುವವರು. ಜೊತೆಗೆ ಗ್ಲುಕೋಸಮೈನ್ ಸೇರಿದರೆ ರಕ್ತ ಇನ್ನೂ ತೆಳುವಾಗಿ ಎಲ್ಲಿಂದಾದರೂ ಸೋರಬಹುದು. ಇದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ನಾವೇ ಕೇಳಬೇಕು.

ಗಂಗಾವತಿ_ಮೇಷ್ಟ್ರು:

ಬಳ್ಳಾರಿ ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ನಿಮ್ಮ ಕಾಲು ಭಾಗ, ಹತ್ತು ಪರ್ಸೆಂಟು ಕಟ್ಟಿಕೊಂಡು ನನಗೇನು ಆಗಬೇಕು? ನಾನು ಇದನ್ನೇ ತೆಗೆದುಕೊಳ್ಳುತ್ತಿದ್ದೇನೆ, ನನಗೆ ಆರಾಮ ಇದೆ. ಮೊದಲು ಬೋರ್ಡಿನ ಮುಂದೆ ಎರಡು ಪೀರಿಯಡ್ ನಿಂತರೆ ಸಂಜೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಈಗ ಆನೆಗೊಂದಿ ಕಡೆ ಅಂಜನಾದ್ರಿ ಬೆಟ್ಟವನ್ನೂ ನಿಧಾನಕ್ಕೆ ಹತ್ತಿ ಬಂದಿದ್ದೇನೆ, ಐದುನೂರಕ್ಕೂ ಜಾಸ್ತಿ ಮೆಟ್ಟಿಲು.

ಮತ್ತೆ ಇದು ಬರೀ ನನ್ನ ಅನುಭವ ಅಲ್ಲ. 2001ರಲ್ಲಿ ಲ್ಯಾನ್ಸೆಟ್ ಅನ್ನುವ ದೊಡ್ಡ ಪತ್ರಿಕೆಯಲ್ಲಿ ಬೆಲ್ಜಿಯಂನವರ ಪರೀಕ್ಷೆ ಬಂದಿತ್ತು. 212 ಜನರಿಗೆ ಮೂರು ವರ್ಷ ಕೊಟ್ಟು ನೋಡಿದರು. ಔಷಧಿ ಇಲ್ಲದ ಖಾಲಿ ಗುಳಿಗೆ ತಿಂದವರ ಮೊಣಕಾಲಿನ ಸಂದು ಕಿರಿದಾಗುತ್ತಾ ಹೋಯಿತು, ಗ್ಲುಕೋಸಮೈನ್ ಸಲ್ಫೇಟ್ ತಿಂದವರದು ಹೆಚ್ಚು ಕಡಿಮೆ ಹಾಗೇ ಇತ್ತು. ಯುರೋಪಿನ ಕೆಲವು ದೇಶಗಳಲ್ಲಿ ಇದು ಔಷಧಿ ಅಂತಲೇ ಮಾರಾಟ ಆಗುತ್ತದೆ. ಎಲ್ಲವನ್ನೂ ಸುಳ್ಳು ಅನ್ನುವುದು ಈಗ ಒಂದು ಫ್ಯಾಷನ್ ಆಗಿದೆ.

ಫಿಸಿಯೋ_ರಾಯಚೂರು:

ಮೇಷ್ಟ್ರೇ, ನಿಮಗೆ ಆರಾಮ ಆಗಿದ್ದು ಸಂತೋಷ. ಅದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಆ 2001ರ ಪರೀಕ್ಷೆಯೂ ನಿಜ, ಆದರೆ ಅದಕ್ಕೆ ದುಡ್ಡು ಕೊಟ್ಟದ್ದು ಗುಳಿಗೆ ತಯಾರಿಸುವ ಕಂಪನಿ, ಅದನ್ನೂ ಜೊತೆಗೆ ಹೇಳಬೇಕು.

ಆಮೇಲೆ ಅಮೆರಿಕಾದ ಸರ್ಕಾರದ ದುಡ್ಡಲ್ಲಿ ದೊಡ್ಡ ಪರೀಕ್ಷೆ ಆಯಿತು, 2006ರಲ್ಲಿ ಫಲಿತಾಂಶ ಬಂತು. ಮೊಣಕಾಲು ನೋವಿನ 1583 ಜನ, 24 ವಾರ. ಒಂದು ಗುಂಪಿಗೆ ಗ್ಲುಕೋಸಮೈನ್, ಒಂದಕ್ಕೆ ಕೊಂಡ್ರಾಯ್ಟಿನ್, ಒಂದಕ್ಕೆ ಎರಡೂ, ಒಂದಕ್ಕೆ ಸೆಲೆಕಾಕ್ಸಿಬ್ ಅನ್ನುವ ನೋವಿನ ಗುಳಿಗೆ, ಕೊನೆಯ ಗುಂಪಿಗೆ ಏನೂ ಇಲ್ಲದ ಖಾಲಿ ಗುಳಿಗೆ. ನೋವು ಐದರಲ್ಲಿ ಒಂದು ಪಾಲಾದರೂ ಕಡಿಮೆಯಾದರೆ ಗುಣ ಬಂತು ಅಂತ ಲೆಕ್ಕ. ಖಾಲಿ ಗುಳಿಗೆಯವರಲ್ಲೇ 60% ಜನರಿಗೆ ಗುಣ ಬಂದಿತ್ತು! ಎರಡೂ ತಿಂದವರಲ್ಲಿ 66.6%, ಸೆಲೆಕಾಕ್ಸಿಬ್‌ನವರಲ್ಲಿ 70.1%. ಎರಡೂ ತಿಂದವರಿಗೂ ಖಾಲಿ ಗುಳಿಗೆಯವರಿಗೂ ಇರುವ ಆ ಅಂತರ ಲೆಕ್ಕಶಾಸ್ತ್ರದ ಪ್ರಕಾರ ಗಟ್ಟಿ ಅಲ್ಲ. ತುಂಬಾ ನೋವಿದ್ದ ಚಿಕ್ಕ ಗುಂಪಿನಲ್ಲಿ ಮಾತ್ರ ಎರಡೂ ಸೇರಿಸಿ ತಿಂದವರಿಗೆ ಒಳ್ಳೆಯ ಫಲ ಕಂಡಿತ್ತು, ಮಾರುವವರು ಇವತ್ತಿಗೂ ತೋರಿಸುವುದು ಅದೊಂದು ಸಾಲನ್ನೇ. 2010ರಲ್ಲಿ ಹತ್ತು ಪರೀಕ್ಷೆಗಳ 3803 ಜನರ ಲೆಕ್ಕ ಒಟ್ಟು ಹಾಕಿ ನೋಡಿದಾಗ ರೋಗಿಗೆ ಗೊತ್ತಾಗುವಷ್ಟು ವ್ಯತ್ಯಾಸ ಸಿಗಲಿಲ್ಲ. 2019ರಲ್ಲಿ ಅಮೆರಿಕಾದ ಕೀಲುರೋಗ ತಜ್ಞರ ಸಂಘ ಮೊಣಕಾಲಿಗೆ ಗ್ಲುಕೋಸಮೈನ್ ಬೇಡ ಅಂತಲೇ ಬರೆಯಿತು. ಯುರೋಪಿನಲ್ಲಿ ಕೆಲವು ತಜ್ಞರು ಈಗಲೂ ಸಲ್ಫೇಟ್ ರೂಪಕ್ಕೆ ಓಟು ಹಾಕುತ್ತಾರೆ. ಜಗಳ ಮುಗಿದಿಲ್ಲ. ಆದರೆ ತಕ್ಕಡಿ ಯಾವ ಕಡೆ ಇದೆ ಅಂತ ಕಾಣುತ್ತದೆ.

ಈಗ ಸಿಂಧನೂರಿನವರ ಮೂಲ ಪ್ರಶ್ನೆ, ಮೊಣಕಾಲಿಗೇ ಹೋಗಬೇಕು ಅಂತ ಮೈಗೆ ಹೇಗೆ ಗೊತ್ತು? ಗೊತ್ತಾಗುವುದಿಲ್ಲ. ರಕ್ತ ಎಲ್ಲ ಕಡೆ ಹೋಗುತ್ತದೆ, ಅದರಲ್ಲಿದ್ದದ್ದೂ ಎಲ್ಲ ಕಡೆ ಹೋಗುತ್ತದೆ. ಇನ್ನೂ ಒಂದು ತೊಡಕು ಇದೆ. ಕಾರ್ಟಿಲೇಜಿಗೆ ರಕ್ತನಾಳವೇ ಇಲ್ಲ. ರಕ್ತದಿಂದ ಕೀಲಿನ ಒಳಪೊರೆ ದಾಟಿ, ಒಳಗಿರುವ ಲೋಳೆ ನೀರಿಗೆ ಬಂದು, ಆ ನೀರಿನಿಂದ ಕಾರ್ಟಿಲೇಜಿಗೆ ಇಳಿಯಬೇಕು. 1500 ಮಿಲಿಗ್ರಾಂ ನುಂಗಿದವರ ರಕ್ತದಲ್ಲಿ ಸಿಗುವುದು ಸುಮಾರು 10 ಮೈಕ್ರೋಮೋಲಾರ್, ಅಂದರೆ ಬಹಳ ಕಡಿಮೆ. ಕೀಲಿನ ನೀರಿನಲ್ಲಿ ಅದಕ್ಕಿಂತಲೂ ಕಡಿಮೆ. ಲ್ಯಾಬ್‌ನಲ್ಲಿ ಕಾರ್ಟಿಲೇಜ್ ಕೋಶಗಳ ಮೇಲೆ ಒಳ್ಳೆಯ ಪರಿಣಾಮ ಕಂಡಿತು ಅಂತ ಜಾಹೀರಾತಿನಲ್ಲಿ ಹಾಕುತ್ತಾರಲ್ಲ, ಅಲ್ಲಿ ಸುರಿದದ್ದು ಎಷ್ಟೋ ಸಲ ಇದರ ಹತ್ತು ಪಟ್ಟು, ನೂರು ಪಟ್ಟು. ಅಷ್ಟನ್ನು ಬಾಯಿಂದ ನುಂಗಿ ಮುಟ್ಟಿಸಲು ಆಗದು.

ಆ ಲೋಳೆ ನೀರು ಕಾರ್ಟಿಲೇಜಿನ ಒಳಗೆ ಹೊರಗೆ ಆಡುವುದು ಕಾಲಿಗೆ ಭಾರ ಬಿದ್ದು ಇಳಿದಾಗ. ನೀರಲ್ಲಿ ಅದ್ದಿದ ಸ್ಪಂಜು ಒತ್ತಿ ಬಿಟ್ಟ ಹಾಗೆ. ಹೆಜ್ಜೆ ಇಟ್ಟಾಗ ಹಿಂಡುತ್ತದೆ, ಎತ್ತಿದಾಗ ಹೀರುತ್ತದೆ. ನೋವು ಅಂತ ಅವ್ವನನ್ನು ಮಂಚದ ಮೇಲೆ ಕೂರಿಸಿ ಎಷ್ಟು ದುಬಾರಿ ಗುಳಿಗೆ ಕೊಟ್ಟರೂ ಈ ಕೆಲಸ ನಡೆಯುವುದಿಲ್ಲ. ಓಡಾಡಿದರೆ ಇದ್ದದ್ದೂ ಸವೆಯುತ್ತದೆ ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲಿ ಇದೆ, ದಿನಾ ಹತ್ತು ಜನಕ್ಕೆ ಇದನ್ನೇ ಬಿಡಿಸಿ ಹೇಳಿ ನನ್ನ ಗಂಟಲು ಸವೆದಿದೆ.

ಜೋಳದರೊಟ್ಟಿ_ಮಾನ್ವಿ:

ನಡುವೆ ಒಂದು ಪ್ರಶ್ನೆ. ನಮ್ಮದು ಪೂರ್ತಿ ಸಸ್ಯಾಹಾರಿ ಮನೆ. ಈ ಗುಳಿಗೆಗಳು ಸಮುದ್ರದ ಏಡಿಯಿಂದ ಮಾಡುತ್ತಾರೆ ಅಂತ ಕೇಳಿದೆ, ನಿಜಾನಾ? ಅತ್ತೆಗೆ ಗೊತ್ತಾದರೆ ಗುಳಿಗೆ ಜೊತೆ ನನ್ನನ್ನೂ ಹೊರಗೆ ಹಾಕುತ್ತಾರೆ. ಮತ್ತೆ ಕೊಲಾಜೆನ್ ಬಗ್ಗೆ ಯಾರೂ ಹೇಳಲಿಲ್ಲ.

ಔಷಧಿ_ಅಂಗಡಿ_ಬಳ್ಳಾರಿ:

ನಿಜ ಅಕ್ಕಾ. ಗ್ಲುಕೋಸಮೈನ್ ಹೆಚ್ಚಾಗಿ ಬರುವುದು ಸಿಗಡಿ, ಏಡಿಯ ಚಿಪ್ಪಿನಿಂದ. ಮೆಕ್ಕೆಜೋಳ ಹುದುಗಿಸಿ ಮಾಡಿದ್ದೂ ಸಿಗುತ್ತದೆ, ಅದು ಸಸ್ಯಾಹಾರಿ. ಕೊಂಡ್ರಾಯ್ಟಿನ್ ದನದ ಶ್ವಾಸನಾಳದ್ದು, ಇಲ್ಲದಿದ್ದರೆ ಹಂದಿ, ಕೋಳಿ, ಶಾರ್ಕ್ ಮೀನಿನದು. ಕೊಲಾಜೆನ್ ಅಂತೂ ಯಾವುದಾದರೂ ಪ್ರಾಣಿಯ ಚರ್ಮ, ಮೂಳೆ ಅಥವಾ ಮೀನಿನ ಪೊರೆಯದೇ. "ಸಸ್ಯಾಹಾರಿ ಕೊಲಾಜೆನ್" ಅಂತ ಅಂಗಡಿಯಲ್ಲಿ ಇರುವುದರಲ್ಲಿ ಹೆಚ್ಚಿನವು ವಿಟಮಿನ್ ಸಿ ಮತ್ತು ಅಮಿನೋ ಆಮ್ಲದ ಮಿಶ್ರಣ, ಕೊಲಾಜೆನ್ ಅಲ್ಲ. ಆಹಾರದ ಲೈಸೆನ್ಸಿನಲ್ಲಿ ಮಾರುವ ಡಬ್ಬಿಯಾದರೆ ಹಸಿರು ಚುಕ್ಕೆ ಇದೆಯಾ ನೋಡಿ. ಅದರ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇರುತ್ತದೆ, ಔಷಧಿಯಾಗಿ ಬಳಸಲು ಅಲ್ಲ ಅನ್ನುವ ಸಾಲೂ ಇರುತ್ತದೆ. ಮುಂದೆ ಮೊಣಕಾಲಿನ ಚಿತ್ರ, ಹಿಂದೆ ಚಿಕ್ಕ ಅಕ್ಷರದಲ್ಲಿ ಈ ಸಾಲು. ಸಿಗಡಿ ತಿಂದರೆ ಮೈ ತುರಿಕೆ ಬರುವವರು ಚಿಪ್ಪಿನ ಗ್ಲುಕೋಸಮೈನಿಂದ ದೂರ ಇರುವುದೇ ಒಳ್ಳೆಯದು.

ಫಿಸಿಯೋ_ರಾಯಚೂರು:

ಕೊಲಾಜೆನ್ ನಾನು ಹೇಳುತ್ತೇನೆ. ಅದು ಪ್ರೋಟೀನ್. ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನ್ ಹೇಗೆ ಜೀರ್ಣ ಆಗುತ್ತದೋ ಇದೂ ಹಾಗೇ. ಹೊಟ್ಟೆ ಮತ್ತು ಸಣ್ಣ ಕರುಳು ಸೇರಿ ಕತ್ತರಿಸಿ ಅಮಿನೋ ಆಮ್ಲ ಮಾಡುತ್ತವೆ. ನಾನು ಮೊಣಕಾಲಿನ ಗಾದಿಯಾಗಿದ್ದೆ, ಮತ್ತೆ ಗಾದಿಯಾಗುತ್ತೇನೆ ಅನ್ನುವ ನೆನಪು ಯಾವ ಅಮಿನೋ ಆಮ್ಲಕ್ಕೂ ಇರಲ್ಲ. ಒಂದು ವಿಶೇಷ ಮಾತ್ರ ಇದೆ, ನ್ಯಾಯವಾಗಿ ಹೇಳಬೇಕು. ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಜೋಡಿಯಾಗಿರುವ ಕೆಲವು ತುಂಡುಗಳು ಪೂರ್ತಿ ಒಡೆಯದೆ ಹಾಗೇ ರಕ್ತಕ್ಕೆ ಬರುತ್ತವೆ, ತಿಂದ ಒಂದೆರಡು ಗಂಟೆಯಲ್ಲಿ ರಕ್ತದಲ್ಲಿ ಅಳೆಯಬಹುದು. ಅವು ಕಾರ್ಟಿಲೇಜ್ ಕೋಶಗಳಿಗೆ ಏನೋ ಸಂಕೇತ ಕೊಡುತ್ತವೆ ಅನ್ನುವುದು ವಾದ. ಮನುಷ್ಯರ ಮೇಲಿನ ಪರೀಕ್ಷೆಗಳು ಹೆಚ್ಚಾಗಿ ಚಿಕ್ಕವು. ಅದರಲ್ಲೂ ಅವು ನೋವಿನ ಲೆಕ್ಕ ಕೊಡುತ್ತವೆ, ಗಾದಿ ಬೆಳೆದ ಲೆಕ್ಕ ಅಲ್ಲ. ಪಕ್ಕದ ಮನೆಯಾಕೆ ಹೇಳಿದ ಮಾತಿಗೆ ಎಕ್ಸ್‌ರೇ ಆಧಾರ ಕೇಳಿ ನೋಡಿ, ಮಾತು ಬದಲಾಗುತ್ತದೆ.

40 ಮಿಲಿಗ್ರಾಂನ ಚಿಕ್ಕ ಗುಳಿಗೆಯೂ ಬರುತ್ತದೆ, ಟೈಪ್ 2 ಕೊಲಾಜೆನ್, ಬೇಯಿಸದೆ ತೆಗೆದದ್ದು. ಪುಡಿ 10 ಗ್ರಾಂ, ಇದು 40 ಮಿಲಿಗ್ರಾಂ, ಇಷ್ಟು ಕಡಿಮೆ ಯಾಕೆ ಅಂದರೆ ಇದರ ದಾರಿಯೇ ಬೇರೆ. ಇದು ರಕ್ತಕ್ಕೆ ಹೋಗಿ ಗಾದಿ ಕಟ್ಟುವ ಸರಕು ಅಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ರೋಗನಿರೋಧಕ ಕೋಶಗಳ ಗುಂಪು ಇರುತ್ತದೆ, ಅವುಗಳಿಗೆ ಈ ಪ್ರೋಟೀನಿನ ಪರಿಚಯ ಮಾಡಿಸಿ ಕೀಲಿನ ಉರಿಯೂತ ತಗ್ಗಿಸಬಹುದು ಅನ್ನುವುದು ಅದರ ಹಿಂದಿನ ಲೆಕ್ಕಾಚಾರ. ಸ್ವಾರಸ್ಯ ಇದೆ. ಸಾಕ್ಷಿ ಇನ್ನೂ ತೆಳು.

ಮಾವನ ಕಾಲು ಸೂಪಿಗೂ ಇದೇ ಉತ್ತರ. ಬೆಂದ ಕೊಲಾಜೆನ್ ಅಂದರೆ ಜೆಲಟಿನ್, ಜೀರ್ಣ ಆಗುತ್ತದೆ. ರುಚಿಗೆ ಕುಡಿಯಲಿ. ಬಿಪಿ ಇದ್ದರೆ ಉಪ್ಪು ಕಡಿಮೆ.

ಕುಷ್ಟಗಿ_ಬೋರ್‌ವೆಲ್:

ಎಲ್ಲರೂ ಸವೆತ ಸವೆತ ಅಂತೀರಿ. ನಮ್ಮ ಕಡೆಯ ಇನ್ನೊಂದು ಕಾರಣ ಯಾರಿಗೂ ನೆನಪಿಲ್ಲವಾ? ಫ್ಲೋರೈಡ್! ಕುಷ್ಟಗಿ, ಯಲಬುರ್ಗಾ, ಲಿಂಗಸೂಗೂರು ಕಡೆ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಲ್ಲಿ ಅದು ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಬಿಡುತ್ತಾರೆ. ಅದಕ್ಕಿಂತ ಹೆಚ್ಚಿನ ನೀರು ಇಪ್ಪತ್ತು ಮೂವತ್ತು ವರ್ಷ ಕುಡಿದವರಿಗೆ ಫ್ಲೋರೈಡ್ ಮೂಳೆಯಲ್ಲಿ ಕೂರುತ್ತದೆ. ಮೂಳೆ ದಪ್ಪ ಆಗುತ್ತದೆ, ಮೂಳೆ ಕಟ್ಟುವ ನಾರುಗಳು ಗಟ್ಟಿಯಾಗುತ್ತವೆ, ಬೆನ್ನು ಕುತ್ತಿಗೆ ಬಗ್ಗುವುದಿಲ್ಲ, ಕೀಲೆಲ್ಲ ನೋವು. ಇದೂ ಹೀರಿಕೆಯ ವಿಷಯವೇ ನೋಡಿ. ನೀರಲ್ಲಿ ಕರಗಿದ ಫ್ಲೋರೈಡ್ ಹೆಚ್ಚುಕಡಿಮೆ ಪೂರ್ತಿ ಮೈಗೆ ಹತ್ತುತ್ತದೆ. ನಮಗೆ ಬೇಕಾದದ್ದು ಹತ್ತಲ್ಲ, ಬೇಡದ್ದು ಬಿಡಲ್ಲ.

ನಮ್ಮ ದೊಡ್ಡಪ್ಪನಿಗೆ ಸವೆತ ಅಂತಲೇ ಬಹಳ ಕಾಲ ಕೀಲಿನ ಗುಳಿಗೆ ನಡೆಯಿತು. ಆಮೇಲೆ ಯಾರೋ ಒಬ್ಬರು ಬೆನ್ನಿನ ಎಕ್ಸ್‌ರೇ ತೆಗೆಸಿ, ನೀರು ಎಲ್ಲಿಯದು ಅಂತ ಕೇಳಿದರು. ಆಗ ಗೊತ್ತಾಯಿತು. ಇದಕ್ಕೆ ಗ್ಲುಕೋಸಮೈನ್ ಎಷ್ಟು ಹತ್ತಿದರೂ ಅಷ್ಟೇ. ಮೊದಲು ನೀರು ಬದಲಾಗಬೇಕು. ಅವ್ವನಿಗೆ ಬೆನ್ನು ಕುತ್ತಿಗೆ ಬಿಗಿ ಇದೆಯಾ, ಊರಲ್ಲಿ ಮಕ್ಕಳ ಹಲ್ಲು ಹಳದಿ ಕಂದು ಇದೆಯಾ ನೋಡಿ. ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಲ್ಯಾಬ್‌ನಲ್ಲಿ ನೀರು ಪರೀಕ್ಷೆ ಮಾಡಿಸಬಹುದು.

2006ರ ಚಿಕೂನ್‌ಗುನ್ಯಾ ಕೂಡ ಮರೆಯಬೇಡಿ. ಆಗ ನಮ್ಮ ಓಣಿಯೇ ಮಲಗಿತ್ತು. ಜ್ವರ ಹೋಗಿ ಎಷ್ಟೋ ತಿಂಗಳು ಕೀಲು ನೋವು ಉಳಿದವರು ಬಹಳ.

ಸೋನಾಮಸೂರಿ_ಸಿಂಧನೂರು:

ಎಲ್ಲರಿಗೂ ಧನ್ಯವಾದ, ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಕುಷ್ಟಗಿ ಅಣ್ಣಾ, ನಮ್ಮದು ಎಡದಂಡೆ ಕಾಲುವೆ ನೀರು ಕೆರೆಗೆ ತುಂಬಿಸಿ ಕೊಡುವುದು. ಆದರೆ ಅವ್ವನ ತವರು ಲಿಂಗಸೂಗೂರು ಕಡೆ, ಮದುವೆ ಆಗುವವರೆಗೂ ಬಾವಿ ನೀರೇ. ಬೆನ್ನು ಬಿಗಿ ಇಲ್ಲ, ಚೆನ್ನಾಗಿ ಬಗ್ಗುತ್ತಾಳೆ, ಮೊಣಕಾಲು ಮಾತ್ರ. ಆದರೂ ಮುಂದಿನ ಸಲ ಡಾಕ್ಟರಿಗೆ ಹೇಳುತ್ತೇನೆ.

ಅರಿಶಿನ ಹಾಲು ಉಳಿಯಿತು. ಅದರಲ್ಲಿ ಏನಾದರೂ ಇದೆಯಾ ಅಥವಾ ಸುಮ್ನೆ ಅತ್ತೆಯ ಸಮಾಧಾನಕ್ಕಾ?

ಔಷಧಿ_ಅಂಗಡಿ_ಬಳ್ಳಾರಿ:

ಅತ್ತೆ ಮಾತಿನ ಮೆಣಸಿನ ಭಾಗಕ್ಕೆ ಪುರಾವೆ ಇದೆ! ಅದೂ ನಮ್ಮ ಬೆಂಗಳೂರಿನದೇ. ಅರಿಶಿನದ ಕರ್ಕ್ಯುಮಿನ್ ಹೀರಿಕೆ ವಿಷಯದಲ್ಲಿ ಎಲ್ಲಕ್ಕಿಂತ ಕಡೆ. ನೀರಿನಲ್ಲಿ ಕರಗುವುದಿಲ್ಲ. ಕರುಳಿಗೆ ಹೋದದ್ದನ್ನೂ ಕರುಳಿನ ಗೋಡೆ ಮತ್ತು ಲಿವರ್ ತಕ್ಷಣ ಬೇರೆ ರೂಪಕ್ಕೆ ತಿರುಗಿಸಿ ಹೊರಗೆ ಹಾಕುತ್ತವೆ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಒಂದು ಪರೀಕ್ಷೆ ಮಾಡಿದರು. 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ಜನರ ರಕ್ತದಲ್ಲಿ ಕಂಡದ್ದು ಇಲ್ಲವೇ ಇಲ್ಲ ಅನ್ನುವಷ್ಟು. ಜೊತೆಗೆ ಮೆಣಸಿನಲ್ಲಿರುವ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಹೀರಿಕೆ 2000% ಏರಿತು. ಇವತ್ತು ಜಗತ್ತಿನಾದ್ಯಂತ ಅರಿಶಿನದ ಕ್ಯಾಪ್ಸೂಲಿನ ಮೇಲೆ ಮೆಣಸಿನ ಚಿತ್ರ ಇರುವುದಕ್ಕೆ ಆ ಕೆಲಸವೇ ಕಾರಣ.

ಆದರೆ ಅದು 2 ಗ್ರಾಂ ಕರ್ಕ್ಯುಮಿನ್, 2 ಗ್ರಾಂ ಅರಿಶಿನ ಅಲ್ಲ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3%. ಒಂದು ಚಮಚ ಹಾಕಿದರೂ 100 ಮಿಲಿಗ್ರಾಂ ಆಸುಪಾಸು. ಹಾಲಿನ ಕೊಬ್ಬಿನಿಂದ ಸ್ವಲ್ಪ ಸಹಾಯ ಆಗುತ್ತದೆ. ಕುಡಿಯಲಿ, ಸಕ್ಕರೆ ಹಾಕದೆ.

ಕ್ಯಾಪ್ಸೂಲ್ ತರುವ ಮುಂಚೆ ಯೋಚಿಸಿ. ಮೆಣಸು ಹೀರಿಕೆ ಹೆಚ್ಚಿಸುವುದು ಲಿವರಿನ ಕೈ ಕಟ್ಟಿ ಹಾಕಿ. ಹಾಗೆ ಕಟ್ಟಿದಾಗ ಬೇರೆ ಗುಳಿಗೆಗಳೂ ರಕ್ತದಲ್ಲಿ ಏರಬಹುದು. ಫಿಟ್ಸ್‌ನ ಫೆನಿಟಾಯಿನ್, ಬಿಪಿಯ ಪ್ರೊಪ್ರಾನೊಲೊಲ್ ಹೀಗೆ ಏರಿದ್ದು ದಾಖಲಾಗಿದೆ. ಇಟಲಿಯಲ್ಲಿ 2019ರಲ್ಲಿ ಅರಿಶಿನದ ಸಪ್ಲಿಮೆಂಟ್ ತಿಂದವರಲ್ಲಿ ಲಿವರ್ ಊತದ ಕೇಸುಗಳು ಬಂದವು. ಹೆಚ್ಚು ಹೀರಿದರೆ ಹೆಚ್ಚು ಒಳ್ಳೆಯದು ಅಂತ ಎಲ್ಲ ಜಾಹೀರಾತೂ ಹೇಳುತ್ತದೆ, ನಿಮ್ಮ ತಮ್ಮನ ವಿಡಿಯೋ ಕೂಡ. ಯಾವುದು ಹೀರುತ್ತದೆ, ಹೀರಿದ್ದು ಏನು ಮಾಡುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಗಂಗಾವತಿ_ಮೇಷ್ಟ್ರು:

ಸರಿ ಸರಿ, ಎಲ್ಲದಕ್ಕೂ ಇಲ್ಲ ಅಂದಿರಿ. ಹಾಗಾದರೆ ಆಕೆ ನೋವಿಗೆ ಏನು ಮಾಡಬೇಕು? ಸಂತೆಯಲ್ಲಿ ಕೀಲು ನೋವಿನ ಪುಡಿ ಕೊಡುವವನ ಹತ್ತಿರ ಹೋಗಬೇಕಾ?

ಜೋಳದರೊಟ್ಟಿ_ಮಾನ್ವಿ:

ಅಯ್ಯೋ ಮೇಷ್ಟ್ರೇ, ಆ ಪುಡಿ ಮಾತ್ರ ಬೇಡ! ನಮ್ಮ ಸೋದರತ್ತೆ ಲೇಬಲ್ ಇಲ್ಲದ ಪೊಟ್ಟಣ ತಂದು ತಿಂದರು. ಮೂರೇ ದಿನಕ್ಕೆ ನೋವು ಮಾಯ, ಊರೆಲ್ಲ ಹೇಳಿಕೊಂಡು ಬಂದರು. ಆಮೇಲೆ ಮುಖ ಊದಿ ಚಂದ್ರನ ಹಾಗಾಯಿತು, ಸಕ್ಕರೆ ಮುನ್ನೂರು ದಾಟಿತು. ಅದರಲ್ಲಿ ಸ್ಟೀರಾಯ್ಡ್ ಇರಬೇಕು ಅಂದರು ಡಾಕ್ಟರು.

ಫಿಸಿಯೋ_ರಾಯಚೂರು:

ಸ್ಟೀರಾಯ್ಡ್ ಚೆನ್ನಾಗಿ ಹೀರುತ್ತದೆ, ಅದೇ ತೊಂದರೆ. ಸಕ್ಕರೆ ಕಾಯಿಲೆ ಇರುವ ನಿಮ್ಮ ಅವ್ವನಿಗೆ ಅದು ಇನ್ನೂ ಅಪಾಯ. ತಾವಾಗಿಯೇ ನಿಲ್ಲಿಸಲೂಬಾರದು, ಡಾಕ್ಟರ ಮುಂದೆ ಪೊಟ್ಟಣ ಇಟ್ಟು ನಿಧಾನಕ್ಕೆ ಬಿಡಿಸಿಕೊಳ್ಳಬೇಕು.

ಮೇಷ್ಟ್ರು ಕೇಳಿದ್ದಕ್ಕೆ ಉತ್ತರ. ನೋವಿಗೆ ಮೊದಲು ಹಚ್ಚುವ ಜೆಲ್, ಡೈಕ್ಲೋಫೆನಾಕ್. ಇಲ್ಲಿ ಹೀರಿಕೆಯ ಲೆಕ್ಕ ನಮ್ಮ ಪರ ಇದೆ. ಅದೇ ಔಷಧಿ ನುಂಗಿದಾಗ ರಕ್ತಕ್ಕೆ ಹೋಗುವುದರ ಸುಮಾರು 6% ಮಾತ್ರ ಜೆಲ್ ಹಚ್ಚಿದಾಗ ಹೋಗುತ್ತದೆ. ಮೊಣಕಾಲು ಚರ್ಮದ ಕೆಳಗೇ ಇದೆ, ಬೇಕಾದ ಕಡೆ ಸಿಗುತ್ತದೆ, ಹೊಟ್ಟೆ ಕಿಡ್ನಿಗೆ ತ್ರಾಸು ಕಡಿಮೆ. ಗ್ಲುಕೋಸಮೈನ್ ಬೇಡ ಅಂದ ಅದೇ 2019ರ ತಜ್ಞರು ಮೊಣಕಾಲಿಗೆ ಈ ಥರ ಜೆಲ್‌ಗೆ ಗಟ್ಟಿಯಾಗಿ ಹೂಂ ಅಂದಿದ್ದಾರೆ. ದಿನಕ್ಕೆ ಮೂರು ನಾಲ್ಕು ಸಲ ಸಾಕಷ್ಟು ಹಚ್ಚಬೇಕು, ಬಟಾಣಿಯಷ್ಟು ಸವರಿ ಕೆಲಸ ಮಾಡಲಿಲ್ಲ ಅನ್ನಬಾರದು. ಹಚ್ಚಿದ ಮೇಲೆ ಬಿಸಿ ಪಟ್ಟಿ ಕಟ್ಟಬೇಡಿ.

ಎರಡನೆಯದು ತೊಡೆಯ ಮುಂದಿನ ಸ್ನಾಯು. ಕಾಲು ಚಾಚಿ ಕೂತು, ಟವೆಲ್ ಸುತ್ತಿ ಮೊಣಕಾಲ ಕೆಳಗೆ ಇಟ್ಟು, ಅದನ್ನು ಕೆಳಗೆ ಒತ್ತಿ ಐದು ಎಣಿಸಿ ಬಿಡಬೇಕು. ಹತ್ತು ಸಲ, ಬೆಳಿಗ್ಗೆ ಸಂಜೆ. ಆಮೇಲೆ ಮಲಗಿ ಕಾಲು ನೆಟ್ಟಗೆ ಒಂದು ಗೇಣು ಎತ್ತುವುದು. ಮೊದಲ ವಾರ ಸ್ವಲ್ಪ ಬೈಯುತ್ತಾರೆ, ಬೈಯಲಿ. ನಡೆಯುವುದು ಬೆಳಿಗ್ಗೆ ಬೇಗ, ನಮ್ಮ ಬಿಸಿಲಿನಲ್ಲಿ ಎಂಟರ ಮೇಲೆ ಹೊರಗೆ ಕಳಿಸಬೇಡಿ. ತೂಕ ಇದ್ದರೆ ಇಳಿಸಬೇಕು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದೆ ಅಂತ ಅಳೆದು ನೋಡಿದ್ದಾರೆ. ಮತ್ತೆ ಕಮೋಡ್. ಕಟ್ಟಿಸಲು ಆಗದಿದ್ದರೆ ಮಧ್ಯೆ ತೂತಿರುವ ಕುರ್ಚಿ ಸಿಗುತ್ತದೆ, ಅದನ್ನೇ ಇಡಿ. ಗೋಡೆ ಹಿಡಿದು ಏಳುವ ಆ ಹೊತ್ತಲ್ಲೇ ಮೊಣಕಾಲಿಗೆ ಅತಿ ಹೆಚ್ಚು ಪೆಟ್ಟು.

ಗ್ಲುಕೋಸಮೈನ್ ಈಗಾಗಲೇ ತಂದಿದ್ದರೆ ವಿಷ ಅಂತ ಎಸೆಯಬೇಕಾಗಿಲ್ಲ. ಊಟದ ಜೊತೆ ಕೊಡಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಎದೆಯುರಿ, ಹೊಟ್ಟೆ ಕೆಡುವುದು ಆಗಬಹುದು. ಮೂರು ತಿಂಗಳು ನೋಡಿ. ಮೆಟ್ಟಿಲು ಹತ್ತುವಾಗ, ಏಳುವಾಗ ಹತ್ತಕ್ಕೆ ಎಷ್ಟು ನೋವು ಅಂತ ಶುರುವಿನಲ್ಲೇ ಬರೆದಿಡಿ. ಬದಲಾಗದಿದ್ದರೆ ಬಿಡಿ. ಮೇಷ್ಟ್ರೇ, ನಿಮಗೂ ಇದೇ ಮಾತು. ಒಂದೆರಡು ತಿಂಗಳು ನಿಲ್ಲಿಸಿ ನೋಡಿ.

ಗಂಗಾವತಿ_ಮೇಷ್ಟ್ರು:

ನಿಲ್ಲಿಸಲ್ಲ. ಪರೀಕ್ಷೆ ಮಕ್ಕಳಿಗೆ ಮಾಡುತ್ತೇನೆ, ನನ್ನ ಮೊಣಕಾಲಿಗೆ ಅಲ್ಲ. ಆದರೆ ಆ ಟವೆಲ್ ವ್ಯಾಯಾಮ ಇವತ್ತಿಂದಲೇ ಶುರು.

ಸೋನಾಮಸೂರಿ_ಸಿಂಧನೂರು:

ಅವ್ವನಿಗೆ ಎಲ್ಲ ಓದಿ ಹೇಳಿದೆ. ನಡಿಗೆಗೆ ಹೂಂ ಅಂದಳು, ಕಾಲು ಎತ್ತುವುದಕ್ಕೆ ನಕ್ಕಳು. ಡಾಕ್ಟರ್ ಬರೆದ ಗುಳಿಗೆ ಮೂರು ತಿಂಗಳು ಕೊಟ್ಟು ನೋಡುತ್ತೇವೆ. ತಮ್ಮನ ಬಾಟಲಿ ಶುರು ಮಾಡುವುದಿಲ್ಲ, ಎರಡೂ ಒಟ್ಟಿಗೆ ಕೊಟ್ಟರೆ ಡೋಸ್ ಡಬಲ್ ಆಗುತ್ತದೆ ಅಲ್ವಾ. ಬಳ್ಳಾರಿ ಅಣ್ಣಾ, ಕೊನೆಯದು. ಆ ಕೊಲಾಜೆನ್ ಡಬ್ಬಿ 1800 ರೂಪಾಯಿ ಕೊಟ್ಟು ತಂದದ್ದು, ವಾಪಸ್ ಆಗುತ್ತದಾ?

ಔಷಧಿ_ಅಂಗಡಿ_ಬಳ್ಳಾರಿ:

ಸೀಲ್ ಒಡೆದಿಲ್ಲ, ಬಿಲ್ ಇದೆ ಅಂದರೆ ಕೇಳಿ ನೋಡಿ. ಒಡೆದಿದ್ದರೆ ಯಾರೂ ತೆಗೆದುಕೊಳ್ಳುವುದಿಲ್ಲ, ಪಕ್ಕದ ಮನೆಯಾಕೆ ಅಂತೂ ಇಲ್ಲವೇ ಇಲ್ಲ. ದಿನಕ್ಕೆ ಒಂದು ಚಮಚ ಪ್ರೋಟೀನ್ ಅಂದುಕೊಂಡು ಮಜ್ಜಿಗೆಗೆ ಹಾಕಿ ಕುಡಿದು ಮುಗಿಸಲಿ, ಸಕ್ಕರೆ ಸೇರಿಸಿದ ಫ್ಲೇವರ್ ಅಲ್ಲ ತಾನೇ, ಅದೊಂದು ಲೇಬಲ್ಲಿನಲ್ಲಿ ನೋಡಿಕೊಳ್ಳಿ.